ನಂಬಬೇಡಿ ಅಂದ ಮೇಷ್ಟ್ರು

ನಮ್ಮ ಪತ್ರಿಕೆಯ ಮುದ್ರಣಾಲಯ ಪೀಣ್ಯದಲ್ಲಿತ್ತು. ಸುದ್ದಿಮನೆ ಅದರ ಮೇಲಿನ ಮಹಡಿಯಲ್ಲಿ. ಕೆಳಗೆ ಯಂತ್ರ ಓಡತೊಡಗಿದರೆ ನಮ್ಮ ಮೇಜಿನ ಮೇಲಿನ ಲೋಟದ ನೀರು ಸಣ್ಣಗೆ ನಡುಗುತ್ತಿತ್ತು. ನಾನು ಅಲ್ಲಿ ಮುಖ್ಯ ಉಪಸಂಪಾದಕಿಯಾಗಿದ್ದೆ. ಬೇರೆಯವರು ಬರೆದದ್ದನ್ನು ತಿದ್ದಿ ಪುಟಕ್ಕೆ ಕಳಿಸುವುದು ಕೆಲಸ. ಇಂಗ್ಲಿಷಿನಿಂದ ಅನುವಾದವಾಗಿ ಬರುವ ವಿಜ್ಞಾನದ ಸುದ್ದಿಗಳ ಕೊನೆಯಲ್ಲಿ ‘ಎಂದು ವಿಜ್ಞಾನಿಗಳು ನಂಬಿದ್ದಾರೆ’ ಎಂಬ ಮಾತು ಇದ್ದೇ ಇರುತ್ತಿತ್ತು. ನಾನು ಅದನ್ನು ಹೊಡೆದುಹಾಕುತ್ತಿದ್ದೆ. ಕಂಡುಕೊಂಡಿದ್ದರೆ ಕಂಡುಕೊಂಡಿದ್ದಾರೆ ಎಂದು ಬರೆಯಿರಿ, ಅಂದಾಜಾದರೆ ಅಂದಾಜು ಎನ್ನಿ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ ಎಂದು ಕಿರಿಯರಿಗೆ ಹೇಳುತ್ತಿದ್ದೆ. ಕನ್ನಡದಲ್ಲಿ ನಂಬುವುದೆಂದರೆ ಒಂದು ಸಂಗತಿ ನಿಜವೆಂದು ಎಣಿಸುವುದಷ್ಟೇ ಅಲ್ಲ. ‘ಈ ಲೇತ್ ನಂಬ್ಕೊಂಡು ಸಂಸಾರ ಮಾಡ್ದೆ’ ಎನ್ನುತ್ತಾರೆ ಪೀಣ್ಯದ ಕೆಲಸಗಾರರು. ‘ನಿನ್ನ ನಂಬಿ ಬಂದೆ’ ಎನ್ನುತ್ತಾರೆ ಮದುವೆಯಾದವರು. ಅಲ್ಲಿ ಸಾಕ್ಷ್ಯದ ಮಾತಿಲ್ಲ. ತನ್ನ ಭಾರವನ್ನು ಇನ್ನೊಂದರ ಮೇಲೆ ಹಾಕಿ ನಿಲ್ಲುವ ಮಾತು ಅದು. ವಿಜ್ಞಾನಿಗಳಿಗೆ ಆ ಕ್ರಿಯಾಪದ ಹೊಂದುವುದಿಲ್ಲ.

ರಜೆಯ ದಿನ ಊಟಕ್ಕೆ ಕೂತಾಗ ಇದನ್ನು ನನ್ನ ಗಂಡನಿಗೆ ಹೇಳಿದೆ. ಅವರಿಗೆ ಈ ವ್ಯತ್ಯಾಸ ಬಹಳ ಹಿಡಿಸಿತು. ‘ಇದನ್ನ ಕ್ಲಾಸಲ್ಲಿ ಹೇಳ್ಬೇಕು’ ಅಂದರು. ಹೇಳಿದರು. ಅಲ್ಲಿಂದ ಈ ಕತೆ.

ಅವರು ಮಾಕಳಿಯ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರು. ನಮ್ಮ ಬಾಡಿಗೆ ಮನೆಯೂ ಅಲ್ಲೇ, ತುಮಕೂರು ರಸ್ತೆಯಿಂದ ಸ್ವಲ್ಪ ಒಳಗೆ. ಅವರ ಮನೆದೇವರು ನರಸಿಂಹ. ಬೆಳಿಗ್ಗೆ ಸ್ನಾನ ಮಾಡಿ, ಪೂಜೆ ಮುಗಿಸಿ, ಹಣೆಗೆ ಕೆಂಪು ನಾಮ ಎಳೆದುಕೊಂಡು ಶಾಲೆಗೆ ಹೋಗುತ್ತಿದ್ದರು. ಹೋಗಿ ಹತ್ತನೆಯ ತರಗತಿಗೆ ಜೀವವಿಕಾಸ ಪಾಠ ಮಾಡುತ್ತಿದ್ದರು. ಆ ಪಾಠವೆಂದರೆ ಅವರಿಗೆ ಹಬ್ಬ. ಪೀಣ್ಯದ ವರ್ಕ್‌ಶಾಪ್‌ಗಳ ಹಿಂದೆ ಮರಗಳಲ್ಲಿ ಕಾಗೆಗಳು ಕಡ್ಡಿಯ ಜೊತೆಗೆ ಬೈಂಡಿಂಗ್ ವೈರಿನ ತುಂಡುಗಳನ್ನೂ ಹೆಣೆದು ಗೂಡು ಕಟ್ಟುತ್ತವೆ. ಮರ ಕಡಿದಾಗ ಬಿದ್ದ ಅಂಥದೊಂದು ಗೂಡನ್ನು ಚೀಲದಲ್ಲಿ ಹಾಕಿಕೊಂಡು ಬಂದು, ಒಂದು ವಾರ ನಮ್ಮ ಮನೆಯ ಷೋಕೇಸಿನಲ್ಲಿ ಇಟ್ಟು, ಆಮೇಲೆ ತರಗತಿಗೆ ಒಯ್ದರು.

ಅಂದು ತರಗತಿಯಲ್ಲಿ ನಾನಿರಲಿಲ್ಲ. ಆದರೆ ನಡೆದದ್ದನ್ನು ನನ್ನ ಗಂಡನಿಂದ, ಪ್ರಶ್ನೆ ಕೇಳಿದ ಹುಡುಗಿಯಿಂದ, ಅವಳ ತಂದೆಯಿಂದ ಬೇರೆ ಬೇರೆಯಾಗಿ ಕೇಳಿದ್ದೇನೆ. ಮೂರೂ ತಾಳೆಯಾಗುತ್ತವೆ.

ಗೂಡು ತೋರಿಸಿದ ಮೇಲೆ ಅವರು ಕೋಗಿಲೆಯ ವಿಷಯ ಎತ್ತಿದರು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಡುತ್ತದೆ, ಅದರ ಮರಿ ಮೊದಲು ಹೊರಬಂದು ತುತ್ತೆಲ್ಲ ನುಂಗುತ್ತದೆ, ಕಾಗೆಯ ಸ್ವಂತ ಮರಿ ಎಷ್ಟೋ ಸಲ ಹಸಿವಿನಿಂದ ಸಾಯುತ್ತದೆ ಎಂದರು. ಆಗ ಯಾದಗಿರಿ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಅಪ್ಪ ಪೀಣ್ಯದಲ್ಲಿ ಪೇಂಟ್ ಹೊಡೆಯುವ ಘಟಕದಲ್ಲಿ ಕೆಲಸಕ್ಕಿದ್ದ.

‘ಸರ್, ದೇವ್ರು ಇದ್ರ ಹಿಂಗ್ಯಾಕ್ ಮಾಡ್ತಾನ್ರಿ?’

‘ಗೊತ್ತಿಲ್ಲಮ್ಮ.’

‘ನೀವು ನಾಮ ಹಚ್ಚೀರಿ. ಇದನ್ನೂ ಕಲಿಸ್ತೀರಿ. ನೀವು ವಿಕಾಸವಾದ ನಂಬ್ತೀರೇನ್ರಿ?’

‘ಇಲ್ಲ. ನೀವೂ ನಂಬಬೇಡಿ. ವಿಕಾಸವಾದ ನಂಬೋಕಿರೋದಲ್ಲ. ಸಾಕ್ಷಿ ನೋಡಿ, ಪರೀಕ್ಷೆ ಮಾಡಿ, ಸರಿಯಿದ್ರೆ ಒಪ್ಕೊಳ್ಳಿ. ನಾನು ನೋಡಿದೀನಿ, ಒಪ್ಕೊಂಡಿದೀನಿ. ನಂಬೋದು ದೇವರನ್ನ. ಅದು ಬೇರೆ ಲೆಕ್ಕ.’

ಮಕ್ಕಳು ಮನೆಗೆ ಒಯ್ದದ್ದು ಇದರ ಮೊದಲ ತುಂಡನ್ನು ಮಾತ್ರ: ವಿಕಾಸವಾದ ನಂಬಬೇಡಿ ಅಂದ್ರು ಮೇಷ್ಟ್ರು.

ಅದು ಶಾಲೆಯ ಕಾರ್ಯದರ್ಶಿಯ ಕಿವಿಗೆ ಬಿತ್ತು. ಮಾಕಳಿಯ ಹಳೆಯ ಮನೆತನದವರು. ಅವರ ರಾಗಿ ಹೊಲವಿದ್ದ ಜಾಗದಲ್ಲೀಗ ಗೋಡೌನುಗಳಿವೆ. ಬಂದ ದುಡ್ಡಿನ ಒಂದು ಪಾಲಿನಲ್ಲಿ ಶಾಲೆ ಕಟ್ಟಿಸಿದ್ದರು. ಕೆಟ್ಟವರಲ್ಲ. ಕೂಲಿಯವರ ಮಕ್ಕಳು ಫೀಸಿಗೆ ತಡ ಮಾಡಿದರೆ ಹೊರಗೆ ನಿಲ್ಲಿಸಿದವರಲ್ಲ. ಒಂದು ಭಾನುವಾರ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ನಮ್ಮ ಮನೆಗೇ ಬಂದರು. ಜೊತೆಯಲ್ಲಿ ಸುತ್ತಿದ ಫ್ಲೆಕ್ಸ್.

‘ಮೇಷ್ಟ್ರೇ, ನೀವ್ ಏಳಿದ್ ಮಾತು ಇಡೀ ಊರ್‌ಗೇ ಗೊತ್ತಾಗೈತೆ. ನಾಮ ಇಕ್ಕೊಂಡೋರು ಇಂಗೇ ಇರ್ಬೇಕು. ಮಂಗನಿಂದ ಮನುಷ್ಯ ಅಂತೆ! ಯಾವನ್ ನೋಡವ್ನೆ?’

‘ಸಾರ್, ನಾನು ಹೇಳಿದ್ದು ಅದಲ್ಲ.’

‘ಇರಿ, ಇರಿ. ಪಾಠದಲ್ಲಿರೋದ್ನೂ ಬಿಡಂಗಿಲ್ಲ, ಗೊತ್ತು ನಂಗೆ. ಅದ್ಕೇ ಇದ್ನ ಮಾಡ್ಸಿವ್ನಿ.’ ಫ್ಲೆಕ್ಸನ್ನು ನಮ್ಮ ಹಾಲಿನ ಉದ್ದಕ್ಕೆ ಬಿಡಿಸಿದರು. ಕಾಲಿಡಲು ಜಾಗವಿಲ್ಲದಂತಾಗಿ ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತೆ.

ಹತ್ತು ಅವತಾರಗಳ ಚಿತ್ರ. ಒಂದರಿಂದ ಇನ್ನೊಂದಕ್ಕೆ ದಪ್ಪ ಹಸಿರು ಬಾಣ. ಮತ್ಸ್ಯದ ಕೆಳಗೆ ‘ಜಲಚರ’, ಕೂರ್ಮದ ಕೆಳಗೆ ‘ಉಭಯವಾಸಿ’, ವರಾಹದ ಕೆಳಗೆ ‘ಸಸ್ತನಿ’, ನರಸಿಂಹನ ಕೆಳಗೆ ‘ಅರ್ಧ ವಿಕಾಸಗೊಂಡ ಮಾನವ’, ವಾಮನನ ಕೆಳಗೆ ‘ಕುಬ್ಜ ಆದಿಮಾನವ’. ಹೀಗೆ ಕೊಡಲಿ ಹಿಡಿದ ಪರಶುರಾಮನಿಗೂ ಒಂದು ಯುಗ ಸಿಕ್ಕಿತ್ತು. ಮೇಲೆ ದೊಡ್ಡದಾಗಿ: ‘ವಿಕಾಸವಾದ ನಮ್ಮದೇ!’

‘ಸೈನ್ಸ್ ಎಕ್ಸಿಬಿಷನ್ ದಿನ ಲ್ಯಾಬಲ್ಲಿ ಇದ್ನ ಹಾಕ್ಸ್ತೀನಿ. ಪೇರೆಂಟ್ಸ್‌ಗೆ ನೀವೇ ವಿವರ್ಸ್ಬೇಕು. ಎರ್ಡೂ ಒಂದೇ ಅಂತ ತೋರ್ಸ್ಬುಟ್ರೆ ಜಗಳಾನೇ ಮುಗೀತು.’

ನನ್ನ ಗಂಡ ಮಂಡಿಯೂರಿ ಫ್ಲೆಕ್ಸನ್ನು ಓದಿದರು. ‘ಆಮೆ ಉಭಯವಾಸಿ ಅಲ್ಲ ಸಾರ್, ಸರೀಸೃಪ.’

‘ನೀರಲ್ಲೂ ಇರ್ತದೆ, ನೆಲದ್ ಮ್ಯಾಲೂ ಇರ್ತದೆ ತಾನೆ? ಇನ್ನೇನು?’

‘ಅದಿರ್ಲಿ. ಇಲ್ಲಿ ನೋಡಿ. ನರಸಿಂಹ ನಮ್ಮನೆ ದೇವರು. ಅವನನ್ನ ಅರ್ಧ ಆದ ಮನುಷ್ಯ ಅಂತ ಬರೆಸಿದೀರ. ಕೈ ಮುಗಿಯೋ ದೇವರು ಪೂರ್ತಿ ದೇವರೇ. ಮೀನಿನಲ್ಲೂ ಪೂರ್ತಿ, ಹಂದಿಯಲ್ಲೂ ಪೂರ್ತಿ. ಈ ಬಾಣ ಹಾಕಿದ್ರೆ ಮುಂದಿನವನು ಬರೋವರೆಗೆ ಹಿಂದಿನವನು ಅರೆಬರೆ ಅಂತಾಯ್ತು. ಇದು ವಿಜ್ಞಾನವೂ ಅಲ್ಲ, ಭಕ್ತಿಯೂ ಅಲ್ಲ.’

ಕಾರ್ಯದರ್ಶಿ ನಕ್ಕರು. ‘ಮೇಷ್ಟ್ರು ಮೇಷ್ಟ್ರೇ ಬಿಡಿ. ನೀವೇನೂ ಮಾತಾಡ್ಬೇಡಿ. ಪಕ್ಕದಲ್ಲಿ ನಿಂತ್ಕೊಳ್ಳಿ, ಸಾಕು.’

‘ನಿಲ್ತೀನಿ ಸಾರ್. ಯಾರಾದ್ರೂ ಕೇಳಿದ್ರೆ ಸರಿಯಾದ್ದನ್ನೇ ಹೇಳ್ತೀನಿ.’

‘ಅದ್ನೇ ಏಳಿ ಬುಡಿ’ ಎಂದು ಕಾಫಿ ಕುಡಿದು ಎದ್ದರು. ಅವರು ಅದನ್ನು ಒಪ್ಪಿಗೆ ಎಂದುಕೊಂಡು ಹೋದದ್ದು ನಮ್ಮಿಬ್ಬರಿಗೂ ಗೊತ್ತಾಯಿತು. ಆ ಶಾಲೆಯಲ್ಲಿ ಮೇಷ್ಟ್ರುಗಳನ್ನು ವರ್ಷವರ್ಷಕ್ಕೆ ಮುಂದುವರಿಸುವ ಪದ್ಧತಿ. ಮುಂದುವರಿಸುವವರು ಕಾರ್ಯದರ್ಶಿಯೇ. ಹತ್ತನೆಯ ತರಗತಿಯ ಪಾಠ ಕೈತಪ್ಪಿದರೆ ನನ್ನ ಗಂಡನಿಗೆ ಆ ಶಾಲೆಯಲ್ಲಿ ಇನ್ನೇನೂ ಉಳಿಯುತ್ತಿರಲಿಲ್ಲ. ಮಕ್ಕಳಿಗೆ ಆ ಒಂದು ಅಧ್ಯಾಯ ಕಲಿಸುವುದಕ್ಕಾಗಿಯೇ ಅವರು ವರ್ಷವಿಡೀ ಉಳಿದದ್ದನ್ನೆಲ್ಲ ಕಲಿಸುತ್ತಿದ್ದರು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಅದೇ ವಾರ ಆ ಅರ್ಧ ವಾಕ್ಯ ನಮ್ಮ ಸುದ್ದಿಮನೆಗೂ ಬಂತು. ನಮ್ಮ ಮುಖ್ಯ ವರದಿಗಾರರು ವಿಚಾರವಾದಿಗಳ ಒಂದು ಸಂಘದಲ್ಲಿ ಚುರುಕಾಗಿದ್ದವರು. ಗಟ್ಟಿ ವರದಿಗಾರ. ನಾನು ಸೋಮವಾರ ಒಪ್ಪೊತ್ತು ಊಟ ಮಾಡುವುದನ್ನು ಕಂಡು ‘ಏನ್ ಮೇಡಂ, ಇವತ್ತೂ ಶಿವ ಡಯಟ್ ಹೇಳಿದಾನಾ?’ ಎಂದು ಕೇಳುತ್ತಿದ್ದರು. ನಾನು ‘ಹೌದು ಸಾರ್, ನಿಮಗೂ ಹೇಳಿದಾನೆ, ನೀವು ಕೇಳ್ತಿಲ್ಲ’ ಎಂದು ಅವರ ಹೊಟ್ಟೆ ನೋಡುತ್ತಿದ್ದೆ. ಆ ದಿನ ಅವರ ದನಿ ಬೇರೆಯಾಗಿತ್ತು.

‘ನಿಮ್ಮ ಯಜಮಾನ್ರು ವಿಕಾಸವಾದ ನಂಬ್ಬೇಡಿ ಅಂತ ಪಾಠ ಮಾಡ್ತಾರಂತೆ? ಚೌಕಟ್ಟು ಹಾಕಿ ಬಾಕ್ಸ್ ಐಟಂ ಮಾಡ್ಲಾ?’

‘ಮಾಡಿ. ಪೂರ್ತಿ ವಾಕ್ಯ ಹಾಕಿ, ಅವರನ್ನೂ ಮಾತಾಡ್ಸಿ. ಆ ಕಾಪಿ ಮಾತ್ರ ನನ್ನ ಟೇಬಲ್‌ಗೆ ಬರೋದು ಬೇಡ, ಬೇರೆಯವರು ನೋಡ್ಲಿ.’

‘ಪೂರ್ತಿ ವಾಕ್ಯ ಏನಿರುತ್ತೆ ಮೇಡಂ? ಬೆಳಿಗ್ಗೆ ಗಂಟೆ ಬಾರಿಸೋನು ಮಧ್ಯಾಹ್ನ ಸೈನ್ಸ್ ಹೇಳ್ಕೊಟ್ರೆ ಹಿಂಗೇ ಆಗೋದು. ಎರಡ್ರಲ್ಲಿ ಒಂದು ನಾಟಕ.’

‘ಯಾವುದು ಅಂತ ಹೋಗಿ ನೋಡ್ಕೊಂಡು ಬನ್ನಿ ಸಾರ್. ಶನಿವಾರ ಎಕ್ಸಿಬಿಷನ್ ಇದೆ.’

‘ಬರ್ತೀನಿ.’

ನಾನು ಕೂತು ಕೆಲಸ ಮುಂದುವರಿಸಿದೆ. ಆದರೆ ‘ನಾಟಕ’ ಎಂಬ ಮಾತು ಕುಟುಕುತ್ತಲೇ ಇತ್ತು. ದೇವರನ್ನು ನಂಬುವವರು ತಮ್ಮ ಬುದ್ಧಿಗೆ ಲೆಕ್ಕ ಒಪ್ಪಿಸಬೇಕು, ಬುದ್ಧಿಯುಳ್ಳವರು ತಮ್ಮ ಭಕ್ತಿಗೆ ಕ್ಷಮೆ ಕೇಳಬೇಕು ಎಂಬ ಕಾನೂನು ಯಾರು ಮಾಡಿದರೋ ನನಗೆ ತಿಳಿಯದು. ನಾನು ಪಳೆಯುಳಿಕೆಗಳ ಸುದ್ದಿಗೆ ಶೀರ್ಷಿಕೆ ಕೊಟ್ಟು ಮನೆಗೆ ಹೋಗಿ ದೀಪ ಹಚ್ಚಿದವಳು. ದೀಪ ಹಚ್ಚುವಾಗ ಭೂಮಿಯ ವಯಸ್ಸು ಕಡಿಮೆಯಾಗಲಿಲ್ಲ. ಜೀವಗಳೆಲ್ಲ ಒಂದೇ ಬೇರಿನಿಂದ, ಯಾರೂ ಕೈಹಿಡಿದು ನಡೆಸದೆ, ಸೋತು ಸತ್ತು ಉಳಿದು ಇಲ್ಲಿಗೆ ಬಂದಿವೆ ಎಂಬುದನ್ನು ನಾನು ಒಪ್ಪುತ್ತೇನೆ. ಹಾಗಾದರೆ ದೇವರಿಗೆ ಅಲ್ಲಿ ಏನು ಕೆಲಸ ಎಂದು ಕೇಳುತ್ತಾರೆ. ನಾನು ನನ್ನ ದೇವರನ್ನು ಆ ಕೆಲಸಕ್ಕೆ ಇಟ್ಟುಕೊಂಡವಳಲ್ಲ. ತಿಳಿವಳಿಕೆಯ ತೂತುಗಳನ್ನು ಮುಚ್ಚಲು ಬೇಕಾದ ದೇವರಾದರೆ ಪ್ರತಿ ಹೊಸ ಸಂಶೋಧನೆಗೂ ಅವನು ಒಂದೊಂದು ಅಂಗುಲ ಹಿಂದೆ ಸರಿಯಬೇಕಾಗುತ್ತದೆ. ನಾನು ಭಾರ ಹಾಕಿ ನಿಂತಿರುವ ದೇವರು ಹಾಗೆ ಸರಿಯುವವನಲ್ಲ. ಕಾಗೆಮರಿ ಏಕೆ ಹಸಿದು ಸಾಯಬೇಕು ಎಂಬ ಆ ಹುಡುಗಿಯ ಪ್ರಶ್ನೆಗೆ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಅದು ನಿಜವಾದ ಪ್ರಶ್ನೆ. ವಿಕಾಸವಾದ ಬರುವ ಮೊದಲೂ ಅದು ಇತ್ತು. ಉತ್ತರವಿಲ್ಲದ ಕಡೆ ಉತ್ತರವಿಲ್ಲ ಎಂದು ಬರೆಯುವುದು ನನ್ನ ವೃತ್ತಿ. ಆ ಕಾರಣಕ್ಕೆ ದೀಪ ಆರಿಸುವ ಅಗತ್ಯ ನನಗೆ ಕಂಡಿಲ್ಲ.

ಶನಿವಾರ ಲ್ಯಾಬ್ ತುಂಬ ಜನ. ಮಕ್ಕಳು ನಿಂಬೆಹಣ್ಣಿನಿಂದ ಗಡಿಯಾರ ಓಡಿಸುತ್ತಿದ್ದರು. ವಿನೆಗರ್ ಸುರಿದು ಜ್ವಾಲಾಮುಖಿ ಉಕ್ಕಿಸುತ್ತಿದ್ದರು. ಗೋಡೆಗೆ ಆ ಫ್ಲೆಕ್ಸ್. ಅದಕ್ಕೆ ಯಾರೋ ಸೇವಂತಿಗೆ ಹಾರ ಬೇರೆ ಹಾಕಿದ್ದರಿಂದ ಬಂದವರೆಲ್ಲ ಚಪ್ಪಲಿ ಬಿಟ್ಟು, ಕೈ ಮುಗಿದು, ಆಮೇಲೆ ಜ್ವಾಲಾಮುಖಿ ನೋಡಲು ಹೋಗುತ್ತಿದ್ದರು. ಪಕ್ಕದಲ್ಲಿ ನನ್ನ ಗಂಡ ಸುಮ್ಮನೆ ನಿಂತಿದ್ದರು. ಸ್ವಲ್ಪ ದೂರದಲ್ಲಿ ಕಾರ್ಯದರ್ಶಿ. ಬಾಗಿಲ ಬಳಿ ಪ್ಯಾಡ್ ಹಿಡಿದ ನಮ್ಮ ಮುಖ್ಯ ವರದಿಗಾರ. ನಾನು ಹಿಂದಿನ ಬೆಂಚಿನ ಮೇಲೆ ಕೂತಿದ್ದೆ.

ಯಾದಗಿರಿಯ ಹುಡುಗಿ ಅಪ್ಪನನ್ನು ಕರೆದುಕೊಂಡು ಬಂದಳು. ಅವನ ಕೈಬೆರಳ ಸಂದಿಯಲ್ಲಿ ಹಳದಿ ಬಣ್ಣ ಇನ್ನೂ ಉಳಿದಿತ್ತು. ಫ್ಲೆಕ್ಸಿಗೆ ಕೈ ಮುಗಿದು, ಮಗಳ ಬಾಯಿಂದ ಬರಹವನ್ನೆಲ್ಲ ಓದಿಸಿಕೊಂಡ.

‘ಸರ, ಪರೀಕ್ಷಾದಾಗ ಇದನ್ನ ಬರೀಬೇಕೋ, ಪುಸ್ತಕದಾಗಿಂದು ಬರೀಬೇಕೋ?’

‘ಪುಸ್ತಕದಲ್ಲಿರೋದು.’

‘ಹಂಗಾರ ಇದನ್ನ ಇಲ್ಲಿ ಯಾಕ ಹಾಕೀರಿ? ನಮ್ಮ ಹುಡುಗಿ ಮದ್ಲೇ ಗಡಿಬಿಡಿ ಅದಾಳ. ಹತ್ತನೇತ್ತದಾಗ ಫೇಲಾದ್ರ ಕೆಲಸಕ್ಕ ಹಚ್ಚು ಅಂತಾಳ ನಮ್ಮವ್ವ.’

ಸುತ್ತಲಿನವರು ತಿರುಗಿ ನೋಡಿದರು. ಕಾರ್ಯದರ್ಶಿ ಮುಂದೆ ಬಂದರು. ‘ಏಳಿ ಮೇಷ್ಟ್ರೇ. ಎರಡೂ ಒಂದೇ ಅಂತ ಏಳಿ. ಮಂಗನಿಂದ ಬಂದಿದ್ದು ಅಂತ ಬರೆಯೋಕೆ ಮಕ್ಳಿಗೂ ಬೇಜಾರಾಗ್ತದೆ.’

‘ನಮಗೇನ್ ಬ್ಯಾಸರಿಲ್ರಿ’ ಎಂದ ಆ ತಂದೆ. ‘ನಮ್ಮ ಮನಿದೇವ್ರು ಹನುಮಪ್ಪ.’

ಜನ ನಕ್ಕರು. ನನ್ನ ಗಂಡನೂ ನಕ್ಕರು. ‘ಮಂಗನಿಂದ ಅಲ್ಲ. ಮಂಗನಿಗೂ ನಮಗೂ ಮೂಲ ಒಂದೇ.’

‘ಅಂದ್ರ ಅಣ್ಣತಮ್ಮಂದಿರು ಅನ್ರಿ. ಇನ್ನೂ ಚಲೋ ಆತು.’

ನಗು ಇಳಿದ ಮೇಲೆ ನನ್ನ ಗಂಡ ಫ್ಲೆಕ್ಸಿನ ಕಡೆ ತಿರುಗಿದರು. ಅವರ ದನಿ ಏರಲಿಲ್ಲ. ಈ ಹತ್ತು ರೂಪಗಳಿಗೂ ನಾನು ದಿನಾ ಕೈ ಮುಗಿಯುತ್ತೇನೆ, ಆದರೆ ಈ ಬಾಣಗಳು ಸುಳ್ಳು ಎಂದರು. ದೇವರು ಮೆಟ್ಟಿಲು ಹತ್ತಿ ಮನುಷ್ಯನಾದವನಲ್ಲ. ಮನುಷ್ಯ ಎಲ್ಲ ಮೆಟ್ಟಿಲುಗಳ ತುದಿಯೂ ಅಲ್ಲ. ವಿಕಾಸವಾದವನ್ನು ನಂಬಬೇಡಿ ಎಂದದ್ದು ನಿಜ, ಅದು ಸಾಕ್ಷಿ ನೋಡಿ ಒಪ್ಪಬೇಕಾದ ಸಂಗತಿ ಎಂಬ ಕಾರಣಕ್ಕೆ. ಸಾಕ್ಷಿ ಬೆಟ್ಟದಷ್ಟಿದೆ, ನಾನು ಒಪ್ಪಿದ್ದೇನೆ ಎಂದರು.

ಬಾಗಿಲ ಬಳಿಯಿಂದ ನಮ್ಮ ಮುಖ್ಯ ವರದಿಗಾರರು ಜೋರಾಗಿ ಚಪ್ಪಾಳೆ ತಟ್ಟಿದರು. ‘ಭೇಷ್! ಹಾಗಾದ್ರೆ ದೇವರು ಬರೀ ಕಟ್ಟುಕತೆ ಅಂತಾನೂ ಹೇಳ್ಬಿಡಿ ಸಾರ್, ಬರ್ಕೊಳ್ತೀನಿ.’

‘ಅದನ್ನ ನಾನು ಹೇಳಲ್ಲ. ದೇವರನ್ನ ನಂಬಿದೀನಿ. ಅದನ್ನೂ ಬರ್ಕೊಳ್ಳಿ.’

ಚಪ್ಪಾಳೆ ನಿಂತಿತು. ಪೆನ್ನೂ ನಿಂತಿತು.

ಕಾರ್ಯದರ್ಶಿಯ ಮುಖ ಕೆಂಪಾಗಿತ್ತು. ‘ಎಲ್ರ ಮುಂದೆ ನನ್ ಮರ್ಯಾದೆ ತೆಗದ್ರಿ.’

‘ನಿಮ್ಮ ಮರ್ಯಾದೆ ವಿಷಯ ಅಲ್ಲ ಸಾರ್. ಬಾಣ ಅಳಿಸಿ ಇದನ್ನ ದೇವಸ್ಥಾನದಲ್ಲಿ ಹಾಕಿ. ಮೊದಲನೇ ಆರತಿ ನಾನೇ ಎತ್ತೀನಿ. ಲ್ಯಾಬಲ್ಲಿ ಬೇಡ.’

‘ದೇವರ ಪಟ ಇಳ್ಸಂಗಿಲ್ಲ’ ಎಂದು ಅವರು ಹೊರಟುಹೋದರು.

ಇಳಿಸಲಿಲ್ಲ. ಹಾರ ಒಣಗಿದಂತೆ ಹೊಸ ಹಾರ ಬೀಳುತ್ತಿತ್ತು. ಸೋಮವಾರ ನನ್ನ ಗಂಡ ಹತ್ತನೆಯ ತರಗತಿಯನ್ನು ಲ್ಯಾಬಿನಿಂದ ಹೊರಗೆ ಕರೆತಂದು ಜಗಲಿಯಲ್ಲಿ ಕೂರಿಸಿ ಪಾಠ ಮಾಡಿದರು. ಸೂಕ್ಷ್ಮದರ್ಶಕವನ್ನೂ ಜಗಲಿಗೆ ತಂದರು. ಕಾರ್ಯದರ್ಶಿ ಹೇಳಿಕಳಿಸಿದರು, ಒಳಗೆ ಹೋಗಿ ಎಂದು. ಇವರು ಹೋಗಲಿಲ್ಲ. ವರ್ಷದ ಕೊನೆಯವರೆಗೂ ಹಾಗೇ ನಡೆಯಿತು. ಪತ್ರಿಕೆಯಲ್ಲಿ ಈ ವಿಷಯ ಒಂದು ಸಾಲೂ ಬರಲಿಲ್ಲ. ಕೇಳಿದ್ದಕ್ಕೆ ನಮ್ಮ ಮುಖ್ಯ ವರದಿಗಾರರು ‘ಸ್ಟೋರಿ ಯಾವ ಕಡೆಗೂ ಸೇರ್ತಿಲ್ಲ ಮೇಡಂ’ ಅಂದರು. ಬೇಸಿಗೆ ಶುರುವಾಗುವ ಹೊತ್ತಿಗೆ ಅವರೇ ಒಂದು ಪ್ರಸ್ತಾಪ ತಂದರು: ಸಂಘದಿಂದ ನನ್ನ ಗಂಡನಿಗೆ ಶಾಲು ಹೊದಿಸಿ ಸನ್ಮಾನ. ಧೈರ್ಯವಾಗಿ ಸತ್ಯ ಹೇಳಿದ ಶಿಕ್ಷಕ ಎಂದು.

‘ಭಾಷಣ ಮಾಡ್ಬೇಕಾ?’ ಎಂದು ಕೇಳಿದೆ.

‘ಎರಡು ಮಾತು. ನಂಬಿಕೆ ಗಿಂಬಿಕೆ ವಿಷ್ಯ ಬೇಡ ಅಷ್ಟೆ. ನಾಮ ಒಂದು…’ ಎಂದು ಹಣೆ ಒರೆಸಿಕೊಳ್ಳುವಂತೆ ಕೈ ಮಾಡಿದರು.

‘ಶಾಲು ನೀವೇ ಇಟ್ಕೊಳ್ಳಿ ಸಾರ್’ ಎಂದೆ. ಮನೆಗೆ ಹೋಗಿ ಹೇಳಿದಾಗ ನನ್ನ ಗಂಡ ‘ಒಳ್ಳೇದು ಮಾಡ್ದೆ’ ಎಂದು ಈರುಳ್ಳಿ ಹೆಚ್ಚುವುದನ್ನು ಮುಂದುವರಿಸಿದರು.

ಪರೀಕ್ಷೆ ಮುಗಿದ ಮೇಲೆ ಕಾರ್ಯದರ್ಶಿ ನಮ್ಮಿಬ್ಬರನ್ನೂ ತಮ್ಮ ಮನೆಗೆ ಕರೆದರು. ಮಜ್ಜಿಗೆ ಕೊಟ್ಟರು. ಕೋಪ ಇಳಿದಿತ್ತು, ಬೇಸರವಿತ್ತು.

‘ನಿಮ್ಮಂಗೆ ಪಾಠ ಮಾಡೋರು ಸಿಗಾಕಿಲ್ಲ ನಂಗೆ. ಆ ಪೇಂಟ್ ಹೊಡೆಯೋನ ಮಗಳೂ ಸಂದಾಗ್ ಬರ್ದವ್ಳಂತೆ. ಒಂದೇ ಒಂದು ಮಾತು ಏಳ್ಬುಡಿ, ಇಲ್ಲೇ, ನಮ್ ಮೂರ್ ಜನದ ಮಧ್ಯೆ. ಎರ್ಡೂ ಒಂದೇ ಅಂತ. ಜೂನ್‌ಗೆ ಬಂದು ಕೆಲ್ಸ ಮಾಡಿ.’

ಅಲ್ಲಿ ಕೇಳುವವರು ಬೇರೆ ಯಾರೂ ಇರಲಿಲ್ಲ. ಹೇಳಿದ್ದರೆ ಹೊರಗೆ ಯಾರಿಗೂ ತಿಳಿಯುತ್ತಿರಲಿಲ್ಲ. ನಾನು ನನ್ನ ಗಂಡನ ಮುಖ ನೋಡಲಿಲ್ಲ. ನೋಡಿದರೆ ಒತ್ತಾಯ ಮಾಡಿದಂತಾಗುತ್ತದೆ ಎಂದು ಕಿಟಕಿಯ ಆಚೆ ಗೋಡೌನಿನ ತಗಡನ್ನು ನೋಡಿದೆ.

‘ಒಂದೇ ಅಲ್ಲ ಸಾರ್. ಎರಡೂ ಬೇರೆ. ನನಗೆ ಎರಡೂ ಬೇಕು.’

‘ನೀನಾದ್ರೂ ಏಳವ್ವ’ ಎಂದು ಅವರು ನನ್ನ ಕಡೆ ತಿರುಗಿದರು.

‘ಅವರು ಹೇಳಿದ್ದೇ ನಂದೂ’ ಎಂದೆ.

ಜೂನ್‌ನಲ್ಲಿ ಆ ತರಗತಿಗೆ ಬೇರೆ ಮೇಷ್ಟ್ರು ಬಂದರು. ನನ್ನ ಗಂಡ ಊರೆಲ್ಲ ಅಲೆದು ಕೊನೆಗೆ ನಗರದ ಇನ್ನೊಂದು ತುದಿಯ ಕಾಡುಗೋಡಿಯಲ್ಲಿ ಒಂದು ಶಾಲೆಗೆ ಹೋದರು. ಅಲ್ಲಿನ ಮುಖ್ಯೋಪಾಧ್ಯಾಯಿನಿ ಅರ್ಜಿ ನೋಡಿ, ಅವರ ಹಣೆ ನೋಡಿ, ಹಳೆಯ ಕೆಲಸ ಏಕೆ ಬಿಟ್ಟಿರಿ ಎಂದು ಕೇಳಿದರಂತೆ. ಇವರು ಏನನ್ನೂ ಬಿಡದೆ ಹೇಳಿದರು.

‘ಇಲ್ಲೂ ಮಕ್ಕಳು ಅದನ್ನೇ ಕೇಳ್ತಾರೆ, ಆಗೇನ್ ಮಾಡ್ತೀರಿ?’

‘ಅದನ್ನೇ ಹೇಳ್ತೀನಿ ಮೇಡಂ.’

ಆಕೆ ಮೆಚ್ಚಿದರೆಂದು ನಾನು ಬರೆಯಲಾರೆ. ಶಾಲೆ ಶುರುವಾಗಿ ಆಗಲೇ ಎರಡು ವಾರವಾಗಿತ್ತು, ಮೊದಲಿದ್ದವರು ಕೈಕೊಟ್ಟಿದ್ದರು. ‘ನಾಳೆಯಿಂದಲೇ ಬನ್ನಿ’ ಎಂದರು, ಅಷ್ಟೆ. ನಾವು ಮನೆ ಬದಲಿಸಲಿಲ್ಲ. ಮಾಕಳಿ ಬಿಟ್ಟು ಓಡಿಹೋದರು ಎನ್ನಿಸಿಕೊಳ್ಳಲು ಇಬ್ಬರಿಗೂ ಇಷ್ಟವಿರಲಿಲ್ಲ. ಪೂಜೆಯನ್ನು ಒಂದು ಗಂಟೆ ಮೊದಲೇ ಮುಗಿಸಿ, ಕತ್ತಲು ಹರಿಯುವ ಮುನ್ನ ಬಸ್ಸು ಹಿಡಿದು, ಬಸ್ಸು ಬದಲಿಸಿ, ಅವರು ಇಡೀ ಬೆಂಗಳೂರನ್ನು ದಾಟಿ ಜೀವವಿಕಾಸ ಪಾಠ ಮಾಡಲು ಹೋಗತೊಡಗಿದರು.